ದಿಂಬಿನ ಗವಸಿನೊಳಗಿನ ಆಂಪ್

ನನ್ನ ಆಂಪ್, ಎಂದರೆ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ, ಒಂಬತ್ತು ಕಿಲೋ ತೂಗುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆದಾಗ, ಹತ್ತು ಕಿಲೋ ಮೀರಿ ಏನನ್ನೂ ಎತ್ತಕೂಡದು ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನಾನು ಮೂವತ್ತು ವರ್ಷದಿಂದ ಹಳ್ಳಿಗಾಡಿನ ಕುಣಿತಗಳಿಗೆ ಬೇಸ್ ಗಿಟಾರ್ ನುಡಿಸುವವಳು. ಗಂಡಸರ ತಂಡದಲ್ಲಿ ಹೆಂಗಸೊಬ್ಬಳು ಉಳಿಯಬೇಕಾದರೆ ತನ್ನ ಪೆಟ್ಟಿಗೆಯನ್ನು ತಾನೇ ಹೊರಬೇಕು ಎಂಬುದನ್ನು ಮೊದಲ ವರ್ಷವೇ ಕಲಿತಿದ್ದೆ. ನನ್ನ ಆಂಪ್ ನನ್ನಿಂದ ಹೊರಲಾಗದ ದಿನ ನುಡಿಸುವುದನ್ನೂ ಬಿಡುತ್ತೇನೆ ಎಂದು ಊರಿಗೆಲ್ಲ ಸಾರಿಕೊಂಡು ತಿರುಗಿದ್ದೆ. ಹಾಗಾಗಿ ನಲವತ್ತು ಕಿಲೋದ ಹಳೆಯ ಆಂಪನ್ನು ಮಾರಿಬಿಡು ಎಂದು ತಂಡದಲ್ಲೇ ಗಿಟಾರ್ ನುಡಿಸುವ ಗಂಡ ಕ್ಲೆಮ್‌ಗೆ ಹೇಳಿ ಈ ಚಿಕ್ಕದನ್ನು ತಂದುಕೊಂಡೆ. ಇಂಥದ್ದು ಇನ್ನೊಂದು ಕೊಳ್ಳುವ ತ್ರಾಣ ನಮಗಿಲ್ಲ. ಇದು ಕೆಟ್ಟರೆ ನಾನು ಮನೆಯಲ್ಲಿ ಕೂರಬೇಕು, ಅಷ್ಟೆ.

ಕೆಡುವುದಕ್ಕೆ ನಮ್ಮ ಕಡೆ ಕಾರಣಗಳಿಗೇನೂ ಬರವಿಲ್ಲ. ಬರ್ಕ್ ಪಟ್ಟಣ ದಾಟಿ ಸ್ವಲ್ಪ ದೂರ ಹೋದರೆ ಟಾರು ಮುಗಿಯುತ್ತದೆ. ಆಮೇಲಿನದು ತಗಡಿನ ಚಾವಣಿಯ ಹಾಗೆ ಅಲೆಅಲೆಯಾಗಿ ಎದ್ದ ಕೆಂಪು ಮಣ್ಣು. ಆ ಕುಲುಕಾಟಕ್ಕೆ ಆಂಪಿನ ಸ್ಕ್ರೂಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ, ಒಳಗಿನ ಬೆಸುಗೆಗಳು ಬಿಡುತ್ತವೆ. ಧೂಳು ಫ್ಯಾನಿನೊಳಗೆ ಹೊಕ್ಕು ಕೂರುತ್ತದೆ. ಮೊದಲು ದಪ್ಪ ಚೀಲ ಹೊಲಿಸಿದೆ. ಜಿಪ್ಪಿನ ಸಂದಿಯಲ್ಲೇ ಧೂಳು ನುಗ್ಗಿತು. ಕೊನೆಗೆ ಹೊಳೆದದ್ದು ಹಳೆಯ ಐಸ್ ಪೆಟ್ಟಿಗೆ. ದಪ್ಪ ಗೋಡೆ, ಮುಚ್ಚಳಕ್ಕೆ ರಬ್ಬರಿನ ಅಂಚು. ತಳಕ್ಕೆ ಸ್ಪಂಜು, ಸುತ್ತ ಕುರಿಯ ತುಪ್ಪಳ, ತುಪ್ಪಳದ ಎಳೆಗಳು ಫ್ಯಾನಿಗೆ ಸಿಕ್ಕದಂತೆ ಆಂಪಿಗೊಂದು ಹಳೆಯ ದಿಂಬಿನ ಗವಸು. ಪೆಟ್ಟಿಗೆ ಗಾಡಿಯಲ್ಲೇ ಇರುತ್ತದೆ, ಆಂಪನ್ನು ಮಾತ್ರ ಹೊರಕ್ಕೆ ತೆಗೆದು ನಾನೇ ಹೊತ್ತು ಒಳಗೆ ಹೋಗುತ್ತೇನೆ. ನಮ್ಮ ಡ್ರಮ್ ಬಾರಿಸುವ ಡೆಸ್ ಎರಡು ಸಲ ಬಾಯಾರಿಕೆಗೆಂದು ಮುಚ್ಚಳ ತೆರೆದ ಮೇಲೆ, ಅದರ ಮೇಲೆ ಕೆಂಪು ಬಣ್ಣದಲ್ಲಿ 'ಬೀರ್ ಇಲ್ಲ' ಎಂದು ಬರೆದೆ.

ಆ ಭಾನುವಾರ ಯಂಡಿಲ್ಲಾ ಎಂಬ ಹಳ್ಳಿಯ ಸಭಾಭವನಕ್ಕೆ ನೂರು ವರ್ಷ ತುಂಬಿತ್ತು. ಮಧ್ಯಾಹ್ನ ಎರಡಕ್ಕೆ ಕುಣಿತ. ನಮಗೆ ನಾಲ್ಕು ಗಂಟೆಯ ದಾರಿ. ಬೆಳಿಗ್ಗೆ ಕ್ಲೆಮ್ ಟ್ರೇಲರ್‌ಗೆ ಸಾಮಾನು ತುಂಬುವುದಕ್ಕೆ ಎಂದಿನಂತೆ ಒಂದು ಗಂಟೆ ತೆಗೆದುಕೊಂಡ.

"ನಾಲ್ಕು ಡ್ರಮ್ಮು, ಎರಡು ಗಿಟಾರು. ಇಷ್ಟಕ್ಕೆ ಇಷ್ಟು ಹೊತ್ತಾ?" ಎಂದೆ.

"ಮೊಣಕಾಲು ಕಣೆ" ಎಂದ.

ಮೊಣಕಾಲು ಅವನ ಹಳೆಯ ರಾಗ. ಇಪ್ಪತ್ತೆರಡು ವರ್ಷ ಬಗ್ಗಿ ಕುರಿಗಳ ಉಣ್ಣೆ ಕತ್ತರಿಸಿದವನ ಮೊಣಕಾಲು ಹೇಗಿರಬೇಕೋ ಹಾಗಿದೆ. ಆದರೆ ಈ ಎರಡು ವರ್ಷದಲ್ಲಿ ಅದು ಮೊದಲಿಗಿಂತ ಹದಗೆಟ್ಟಿತ್ತು. ವಯಸ್ಸು ಎಂದುಕೊಂಡಿದ್ದೆ. ನನ್ನ ಗಮನವೆಲ್ಲ ತುಪ್ಪಳ ಸರಿಯಾಗಿ ಸುತ್ತುವುದರಲ್ಲಿತ್ತು.

ಯಂಡಿಲ್ಲಾ ತಲುಪಿದಾಗ ನಲವತ್ಮೂರು ಡಿಗ್ರಿ. ಹಲ್ಲಿನ ಸಂದಿಯಲ್ಲೂ ಮಣ್ಣು. ಗಾಡಿಯೊಳಗೆ ಇನ್ನೂ ಸೆಕೆ ಎಂದು ಪೆಟ್ಟಿಗೆಯನ್ನು ಗಾಡಿಯ ನೆರಳಿಗೆ ಇಳಿಸಿಕೊಡಲು ಡೆಸ್‌ಗೆ ಹೇಳಿ ಮುಖ ತೊಳೆಯಲು ಹೋದೆ. ಹೆಚ್ಚೆಂದರೆ ಹತ್ತು ನಿಮಿಷ. ಬಂದು ನೋಡಿದರೆ ಪೆಟ್ಟಿಗೆ ಇಲ್ಲ. ಕ್ಲೆಮ್, ಡೆಸ್ ಇಬ್ಬರೂ ಒಳಗೆ ಡ್ರಮ್ ಜೋಡಿಸುತ್ತಿದ್ದರು.

ಆಗ ಹೊಳೆಯಿತು. ಇಂಥ ಸಮಾರಂಭಗಳಲ್ಲಿ ಯಾರ ಐಸ್ ಪೆಟ್ಟಿಗೆ ಕಂಡರೂ ಹೊತ್ತು ಅಡುಗೆಮನೆಗೆ ಸೇರಿಸುವುದು ನಮ್ಮ ಕಡೆಯ ಮರ್ಯಾದೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಾನೇ ಎಷ್ಟೋ ಸಲ ಹಾಗೆ ಹೊತ್ತಿದ್ದೇನೆ.

ಅಡುಗೆಮನೆಯ ಯಜಮಾನಿಕೆ ಊನಾ ಎಂಬ ಎಪ್ಪತ್ತರ ಹೆಂಗಸಿನದು. ನಾನು ಓಡಿ ಬಂದದ್ದು ನೋಡಿ ನಕ್ಕಳು.

"ಗಾಬರಿ ಬೇಡ ಕಣಮ್ಮಾ, ಇಲ್ಲೇ ಇದೆ. ಇಂಥ ಬಿಸಿಲಲ್ಲಿ ಹೊರಗೆ ಬಿಟ್ಟು ಹೋದ್ರೆ ಕೆಟ್ಟುಹೋಗಲ್ವಾ? ಒಂದು ಚೂರೂ ಐಸ್ ಇರಲಿಲ್ಲ. ಎರಡು ಮೂಟೆ ಸುರಿದಿದ್ದೀನಿ."

"ಏನು ಕೆಡೋದು?"

"ಮಾಂಸ."

ಮುಚ್ಚಳ ತೆಗೆದೆ. ಅಂಚಿನವರೆಗೆ ಐಸು. ಮೂಟೆಯಲ್ಲಿದ್ದಾಗಲೇ ಅರ್ಧ ಕರಗಿ ನೀರಾಗಿತ್ತು. ಕೈ ಹಾಕಿ ಗವಸು ಎಳೆದೆ. ಒಳಗಿಂದ ನನ್ನ ಆಂಪ್ ಬಂತು, ಅದರ ಫ್ಯಾನಿನಿಂದ ನೀರು ಧಾರೆಯಾಗಿ ಸುರಿಯಿತು.

ಊನಾ ಬಗ್ಗಿ ನೋಡಿದಳು. "ಅಯ್ಯೋ ದೇವರೇ. ಇದೇನಿದು?"

"ಮುಚ್ಚಳದ ಮೇಲೆ ಬರೆದಿದೆಯಲ್ಲ, ನೋಡಲಿಲ್ವಾ?"

"ನೋಡಿದೆ. ಬೀರ್ ಇಲ್ಲ ಅಂತ ಇತ್ತು. ಬೀರ್ ಇಲ್ಲ ಅಂದ್ರೆ ಮಾಂಸ ತಾನೆ? ಮುಟ್ಟಿ ನೋಡಿದೆ, ದಿಂಬಿನ ಗವಸಿತ್ತು, ಗಟ್ಟಿಯಾಗಿ ಭಾರವಾಗಿತ್ತು. ಪಾಪ, ಹಾಡೋರು ಅರ್ಧ ಕುರಿ ತಂದಿದ್ದಾರೆ ಅಂದ್ಕೊಂಡೆ."

ಅವಳನ್ನು ಬಯ್ಯುವಂತಿರಲಿಲ್ಲ. ಮನೆಯಲ್ಲೇ ಕಡಿದ ಕುರಿಯನ್ನು ಹಳೆಯ ದಿಂಬಿನ ಗವಸಿನಲ್ಲೇ ಕಟ್ಟುವುದು ಈ ಸೀಮೆಯ ಪದ್ಧತಿ. ನಮ್ಮಮ್ಮನೂ ಹಾಗೇ ಕಟ್ಟುತ್ತಿದ್ದಳು. ಮಣ್ಣಿಗೆ, ಕುಲುಕಾಟಕ್ಕೆ, ಡೆಸ್‌ನ ಬಾಯಾರಿಕೆಗೆಲ್ಲ ಉಪಾಯ ಹುಡುಕಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಒದ್ದೆ ಆಂಪಿಗೆ ಕರೆಂಟು ಕೊಟ್ಟರೆ ಶಾಶ್ವತವಾಗಿ ಸುಟ್ಟುಹೋಗುತ್ತದೆ. ಒಣಗಲು ವಾರವಾದರೂ ಬೇಕು, ಒಣಗಿದ ಮೇಲೂ ಬದುಕುತ್ತದೆಂಬ ಭರವಸೆಯಿಲ್ಲ. ಕುಣಿತಕ್ಕೆ ಒಂದು ಗಂಟೆ ಉಳಿದಿತ್ತು.

ಆಂಪನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಟ್ರೇಲರ್ ಪಕ್ಕ ಕೂತೆ. ಅಳು ಬಂತು, ಅತ್ತೆ. ಅಳುವುದಕ್ಕೂ ಸುಸ್ತಾಗಿತ್ತು. ಕ್ಲೆಮ್, ಡೆಸ್ ಬಂದು ನೋಡಿದರು.

"ಮುಗೀತು" ಎಂದೆ. "ನೀವಿಬ್ಬರೇ ನುಡಿಸ್ಕೊಳ್ಳಿ. ಇವತ್ತಿಗಷ್ಟೇ ಅಲ್ಲ."

ಕ್ಲೆಮ್ ಮೊಣಕಾಲು ಉಜ್ಜಿಕೊಂಡ. ಆಮೇಲೆ ಟ್ರೇಲರ್ ಹತ್ತಿ ಟಾರ್ಪಾಲು ಬಿಚ್ಚಿದ. ಹೆಚ್ಚುವರಿ ಟೈರು ಸರಿಸಿದ. ಮಡಿಸಿದ ಹಾಸಿಗೆ ತೆಗೆದ, ಅದರ ಕೆಳಗಿನ ಎರಡು ಕಂಬಳಿ ತೆಗೆದ. ಕೆಳಗೆ ನನ್ನ ಹಳೆಯ ಆಂಪ್ ಕೂತಿತ್ತು. ಒಂದು ಚಿಟಿಕೆ ಧೂಳಿಲ್ಲ.

"ಮಾರಿದೆ ಅಂದಿದ್ದೆ" ಎಂದೆ.

"ಮಾರಿದ್ದೀನಿ."

"ಯಾರಿಗೆ?"

"ನನಗೆ." ಅವನು ನನ್ನ ಮುಖ ನೋಡಲಿಲ್ಲ. "ಅವರವರ ಪೆಟ್ಟಿಗೆ ಅವರವರೇ ಹೊರಬೇಕು ಅಂತ ತಾನೆ ನಿನ್ನ ಕಾನೂನು? ಇದು ನಂದು, ನಾನು ಹೊರ್ತೀನಿ. ಬೇಕಿದ್ರೆ ಇವತ್ತೊಂದಿನ ನುಡಿಸಿ ವಾಪಸ್ ಕೊಡು."

ಡೆಸ್ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಎರಡು ವರ್ಷ ಆಯ್ತು ಅಕ್ಕಾ, ನಿನ್ನದು ಕೈಕೊಟ್ಟ ದಿನಕ್ಕಿರಲಿ ಅಂತ. ನೀನು ಅಲ್ಲಿ ಆ ಚಿಕ್ಕದಕ್ಕೆ ಹಾಸಿಗೆ ಹಾಸ್ತಿರ್ತೀಯ, ನಾವಿಲ್ಲಿ ಹಿಂದುಗಡೆಯಿಂದ ಇದನ್ನ ಏರಿಸ್ತಿರ್ತೀವಿ. ಏರಿಸೋಕೆ ನಾನಿರ್ತೀನಿ. ಮನೆ ಹತ್ರ ಇಳಿಸೋದು ಮಾತ್ರ ಅವನೊಬ್ನೇ. ನೀನು ಮಲಗಿದ ಮೇಲೆ."

ತಿಂಗಳಿಗೆ ಎರಡು ಕುಣಿತವಾದರೂ ಇರುತ್ತಿತ್ತು. ನಾನು ಒಂಬತ್ತು ಕಿಲೋವನ್ನು ಮಗುವಿನಂತೆ ಕಾಯುತ್ತಿದ್ದಾಗ ನಲವತ್ತು ಕಿಲೋ ಅವನ ಮೊಣಕಾಲಿನ ಮೇಲೆ ಇಳಿಯುತ್ತಿತ್ತು. ಸಿಟ್ಟು ಬಂತು. ಬಾಯಿಬಿಟ್ಟು ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ ಎಂಬುದೂ ಗೊತ್ತಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ನುಡಿಸಿದೆ. ಚೆನ್ನಾಗಿಯೇ ನುಡಿಸಿದೆ. ಹಳೆಯ ಆಂಪಿನ ದನಿಗೆ ಆ ಭವನದ ಮರದ ನೆಲ ಅಂಗಾಲಿನ ಕೆಳಗೆ ಗುಂಯ್‌ಗುಟ್ಟುತ್ತಿತ್ತು. ಊನಾ ಕೂಡ ಏಪ್ರನ್ ಬಿಚ್ಚಿ ಎರಡು ಸುತ್ತು ಕುಣಿದಳು. ಐದಕ್ಕೆ ಎಲ್ಲರೂ ಎದ್ದರು. ಹೊತ್ತು ಮುಳುಗಿದರೆ ಕಾಂಗರೂಗಳು ರಸ್ತೆಗೆ ಬರುತ್ತವೆ.

ಡೆಸ್ ಡ್ರಮ್ ಬಿಚ್ಚುತ್ತಿದ್ದ. ಕ್ಲೆಮ್ ಒಬ್ಬನೇ ಆಂಪಿನ ಹತ್ತಿರ ಹೋಗಿ ಬಗ್ಗಿದ. ಅರ್ಧಕ್ಕೇ ನಿಂತು ಗೋಡೆ ಹಿಡಿದುಕೊಂಡ. ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದ.

ನಾನು ಅಡುಗೆಮನೆಗೆ ಹೋದೆ. ಊನಾ ಇನ್ನು ಮೂವರು ಹೆಂಗಸರ ಜೊತೆ ತಟ್ಟೆ ತೊಳೆಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದೆ.

"ನನ್ನ ಆಂಪ್ ಎತ್ತಬೇಕು. ನನ್ನಿಂದ ಆಗಲ್ಲ. ಒಂದು ನಿಮಿಷ ಬರ್ತೀರಾ?"

ನಾಲ್ವರೂ ಕೈ ಒರೆಸಿಕೊಂಡು ಬಂದರು. ಎರಡು ಕಡೆ ಇಬ್ಬಿಬ್ಬರು ಹಿಡಿದು, ಹುಲ್ಲಿನ ಕಂತೆ ಎತ್ತುವಷ್ಟೇ ಸಲೀಸಾಗಿ ಎತ್ತಿಕೊಂಡು ಹೊರಟರು. ಕ್ಲೆಮ್ ಗೋಡೆ ಹಿಡಿದೇ ನಿಂತಿದ್ದ.

"ಯಾರ ಪೆಟ್ಟಿಗೆ ಅಂತ ಹೇಳಿದೆ ಅವರಿಗೆ?" ಎಂದು ಕೇಳಿದ.

"ನಂದು ಅಂದೆ. ನೀನು ಕೂತ್ಕೋ."