ಬೆಳ್ಳಿಚುಕ್ಕಿಯ ಕಿವಿ

ಬೆಳ್ಳಿಚುಕ್ಕಿ ಇವತ್ತೂ ಹಿಂಡಿಗೆ ಬಾಯಿ ಹಾಕಲಿಲ್ಲ. ಹತ್ತಿಕಾಳಿನ ಹಿಂಡಿ, ನೆನೆಸಿದ ಹುರುಳಿ, ಮೇಲೊಂದು ಉಂಡೆ ಬೆಲ್ಲ ಕಲಸಿದ ಬಕೆಟ್ಟನ್ನು ಜಯಶ್ರೀ ಅದರ ಮೂತಿಯ ತನಕ ಎತ್ತಿ ಹಿಡಿದಳು. ಹೋರಿ ಒಮ್ಮೆ ಬುಸ್ಸೆಂದು ಉಸಿರು ಬಿಟ್ಟು ಮುಖ ತಿರುಗಿಸಿತು. ಕಿವಿ ಮಾತ್ರ ರಸ್ತೆಯ ಕಡೆ. ಊರ ಬಾಗಿಲಿಗೆ ಹಿರೇಕೆರೂರು ಬಸ್ಸು ಬಂದು ನಿಂತ ಸದ್ದಾದರೆ ಸಾಕು, ಆ ಎರಡು ಕಿವಿಗಳು ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ ಮುಂದಕ್ಕೆ ಬಾಗಿ ನಿಲ್ಲುತ್ತಿದ್ದವು.

"ತಿನ್ನೋ ನನ್ನಪ್ಪಾ. ಅಂವ ಬರೂದಿಲ್ಲ. ನಾನರ ಏನ ಮಾಡ್ಲಿ?"

ಕೊಟ್ಟಿಗೆಯ ಬಾಗಿಲಲ್ಲಿ ತಮ್ಮ ರವಿಕುಮಾರ ನಿಂತಿದ್ದ. "ಅಕ್ಕಾ, ಅವನ ಹೆಸರ ತಗೀಬ್ಯಾಡ ಅದರ ಮುಂದ."

"ನಾ ಎಲ್ಲಿ ಹೆಸರ ತಗದೆ? ಅಂವ ಅಂದೆ, ಅಷ್ಟ."

"ಅದಕ್ಕ ಗೊತ್ತಾಗ್ತೇತಿ. ನಿನಗಿಂತ ಶ್ಯಾಣ್ಯಾ ಐತಿ ಅದು."

ಅವನೆಂದರೆ ಇನಾಯತ. ಸವಣೂರಿನಿಂದ ಬಂದು ತಿಳವಳ್ಳಿಯಲ್ಲಿ ಉಳಿದವನು. ಕರುವಾಗಿದ್ದ ಬೆಳ್ಳಿಚುಕ್ಕಿಯನ್ನು ಹೋರಿ ಮಾಡಿದವನು. ದಸರಾ ಮುಗಿದ ಮಾರನೇ ಬೆಳಿಗ್ಗೆ ಹೆಂಡತಿ ಶಾಕೀರಾಳನ್ನೂ ಎರಡು ಟ್ರಂಕನ್ನೂ ಟಂಟಂನಲ್ಲಿ ಹೇರಿಕೊಂಡು, ಹಿರೇಕೆರೂರಿನ ಇನ್ನೊಬ್ಬರ ಕೊಟ್ಟಿಗೆಗೆ ಹೊರಟುಹೋಗಿದ್ದ.

ದೀಪಾವಳಿ ಕಳೆಯಿತೆಂದರೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ ಸುಗ್ಗಿ. ಅಖಾಡದ ಒಂದು ತುದಿಯಲ್ಲಿ ಬಿಟ್ಟ ಹೋರಿ ಇನ್ನೊಂದು ತುದಿ ಮುಟ್ಟಬೇಕು. ನಡುವೆ ಮೈಮೇಲೆ ಬೀಳುವ ಹುಡುಗರು ಅದರ ಕೊರಳಿನ ಕೊಬ್ಬರಿ ಹಾರಕ್ಕೆ ಕೈ ಹಾಕುತ್ತಾರೆ. ಕೊಬ್ಬರಿ ಉಳಿಸಿಕೊಂಡು ಪಾರಾದ ಹೋರಿ ಗೆದ್ದಂತೆ. ಬೇರೆ ಹೋರಿಗಳು ಹಲಗೆಯ ಬಡಿತಕ್ಕೆ, ಪಟಾಕಿಗೆ, ಜನರ ಕೇಕೆಗೆ ಬೆದರಿ ಓಡುತ್ತಿದ್ದವು. ಬೆಳ್ಳಿಚುಕ್ಕಿ ಬೆದರಿ ಓಡಿದ್ದಲ್ಲ, ಕರೆದದ್ದಕ್ಕೆ ಓಡಿದ್ದು. ಇನಾಯತ ಆ ತುದಿಗೆ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಚುಕ್ಕ್ಯಾ... ಬಾರೋ, ಬಾರೋ ನನ್ನಪ್ಪಾ" ಎಂದು ಕೂಗಿ ನಾಲಿಗೆಯಿಂದ ಲಟ್ಟೆಂದು ಸದ್ದು ಮಾಡಿದರೆ, ನಡುವೆ ಸಮುದ್ರವಿದ್ದರೂ ಅದು ಸೀಳಿಕೊಂಡು ಬರುತ್ತಿತ್ತು. ಹಾನಗಲ್ಲು, ಶಿಗ್ಗಾಂವಿ, ಬಂಕಾಪುರ, ಹೋದಲ್ಲೆಲ್ಲ ಗೆದ್ದಿತ್ತು. ಊರ ತುಂಬ ಅದರ ಚಿತ್ರವಿದ್ದ ಬನಿಯನ್ನುಗಳು, ಬೈಕುಗಳ ಮೇಲೆ ಅದರ ಹೆಸರು, ಪ್ರಭುವಿನ ಚಾದಂಗಡಿಯ ನೆತ್ತಿಗೆ 'ತಿಳವಳ್ಳಿ ಬೆಳ್ಳಿಚುಕ್ಕಿ ಅಭಿಮಾನಿ ಬಳಗ' ಎಂಬ ಫ್ಲೆಕ್ಸು.

ಜಯಶ್ರೀಗೆ ಅದು ಬರೀ ಹೋರಿಯಾಗಿರಲಿಲ್ಲ. ಗಂಡನ ಮನೆ ಬಿಟ್ಟು ಅವಳು ತವರಿಗೆ ತಿರುಗಿ ಬಂದ ವರ್ಷವೇ, ಮುಂದೆ ಬಳಗ ಕಟ್ಟಿಕೊಂಡ ಹುಡುಗರು ವಂತಿಗೆ ಎತ್ತಿ ಕೊಂಡ ಆ ಕರುವನ್ನು ಇವರ ಕೊಟ್ಟಿಗೆಗೆ ತಂದು ಕಟ್ಟಿದ್ದರು. ಆಗ ಅವಳು ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. 'ಬಿಟ್ಟು ಬಂದಾಕಿ' ಎಂಬುದೇ ಹೆಸರಾಗಿತ್ತು. ಇನಾಯತ ಮಾತ್ರ ಮೊದಲ ದಿನವೇ, "ತಂಗಿ, ಹುರುಳಿ ನೆನಿ ಹಾಕೀಯೇನ?" ಎಂದು ಕೇಳಿದ್ದ, ಎಷ್ಟೋ ವರ್ಷದ ಮಾತು ಮುಂದುವರಿಸಿದವನಂತೆ. ಅವಳು ಹೋರಿಗೆ ಬೆನ್ನ ಮೇಲೆ ಹೊದಿಸಲು ಕನ್ನಡಿ ಚೂರು ಕೂಡಿಸಿದ ಝೂಲ ಹೊಲಿದಳು, ಕೋಡಿಗೆ ರಿಬ್ಬನ್ನು ಕಟ್ಟಿದಳು. ಹಾನಗಲ್ಲಿನಲ್ಲಿ ಗೆದ್ದ ಸಂಜೆ ಹುಡುಗರು ಅವಳ ಮನೆ ಮುಂದೆ ಗುಲಾಲು ಎರಚಿ, "ಚುಕ್ಕಿ ಅಕ್ಕಗ ಜಯವಾಗಲಿ" ಎಂದು ಕೂಗಿದ್ದರು. ಅಂದಿನಿಂದ ಹಳೆಯ ಹೆಸರನ್ನು ಯಾರೂ ಎತ್ತಿರಲಿಲ್ಲ. ಮರೆತಿದ್ದರು ಎಂದಲ್ಲ. ಹೋರಿ ಗೆಲ್ಲುತ್ತಿತ್ತು, ಅಷ್ಟೆ.

ಇನಾಯತ ಹೋದ ಸುದ್ದಿಗೆ ಚಾದಂಗಡಿ ಹೆಣದ ಮನೆಯಂತಾಗಿತ್ತು.

"ಉಂಡ ಮನಿಗೆ ಎರಡ ಬಗದ್ನೋ ಮಾರಾಯಾ," ಎಂದ ಪ್ರಭು, ಚಾ ಸೋಸುತ್ತ.

"ಉಂಡನಾ? ನೀ ಯಾವತ್ತ ಅವಗ ಪುಕ್ಕಟೆ ಚಾ ಕೊಟ್ಟೀಯಲೇ?" ಎಂದು ಯಾರೋ ಕೇಳಿದರು.

"ಏ, ಅದು ಬ್ಯಾರೆ ಮಾತು."

ಫ್ಲೆಕ್ಸಿನ ಮೂಲೆಯಲ್ಲಿದ್ದ ಇನಾಯತನ ಮುಖಕ್ಕೆ ಅಂದೇ ಸಂಜೆ ಯಾರೋ ಸಗಣಿ ಬಡಿದರು. ಬೆಳಗಾಗುವುದರೊಳಗೆ ಯಾರೋ ಅದನ್ನು ನೀರು ಹಾಕಿ ತೊಳೆದಿದ್ದರು. ಬಡಿದವನೂ ತೊಳೆದವನೂ ರವಿಕುಮಾರನೇ ಎಂಬುದು ಜಯಶ್ರೀಗೆ ಅವನ ಅಂಗಿಯ ತೋಳು ನೋಡಿಯೇ ತಿಳಿದಿತ್ತು. ಅವಳು ಆ ಅಂಗಿಯನ್ನು ಒಗೆದು ಹಾಕಿದಳು.

ಅಕ್ಕಿಆಲೂರಿನ ಹಬ್ಬ ಹತ್ತಿರವಾಗಿತ್ತು. ಗೋವಿನಜೋಳ ಕೊಯ್ದ ಹೊಲದಲ್ಲಿ ರವಿಕುಮಾರ ತಾನೇ ತುದಿಗೆ ನಿಂತು ಕರೆದ. ಹೋರಿ ಅರ್ಧ ದಾರಿ ಬಂದು ನಿಂತಿತು. ಸುತ್ತ ನೋಡಿತು. ಹತ್ತಿರ ಹೋದವನನ್ನು ಕೋಡಿನಿಂದ ಎತ್ತಿ ಪಕ್ಕಕ್ಕೆ ಇಟ್ಟಿತು. ಎಸೆಯಲೂ ಇಲ್ಲ, ಬೇಡದ ಬುಟ್ಟಿಯಂತೆ ಇಟ್ಟಿತು. ಅವನು ಎದ್ದು ಮಣ್ಣು ಕೊಡವಿಕೊಂಡು ಅತ್ತುಬಿಟ್ಟ.

"ಅಕ್ಕಿಆಲೂರಾಗ ಮಾನ ಹೋತಂದ್ರ ಸಂತಿಗೆ ಹೊಡೀತೀವಿ ಅಂತ ಪ್ರಭು ಅನ್ನಾಕತ್ತಾನ, ಅಕ್ಕಾ. ಬಳಗದವರೆಲ್ಲಾ ಹೂಂ ಅಂದಾರ."

ಮರುದಿನ ಜಯಶ್ರೀ ಹಿರೇಕೆರೂರಿನ ಬಸ್ಸು ಹತ್ತಿದಳು.

ಇನಾಯತ ಅಂಗಳದಲ್ಲಿ ಕಪ್ಪು ಕರುವೊಂದರ ಗೊರಸು ಒರೆಸುತ್ತ ಕೂತಿದ್ದ. ಅವಳನ್ನು ಕಂಡು ಎದ್ದ, ಮತ್ತೆ ಕೂತ. ಶಾಕೀರಾ ಚಾ ತಂದು ಅವಳ ಕೈ ಹಿಡಿದಳು. "ಸೊರಗೀಯಲ್ಲ ಜಯವ್ವಾ?"

"ನಂದ ಇರ್ಲಿ ಭಾಬೀ. ಅದು ಸೊರಗೇತಿ."

ಇನಾಯತ ಕರುವಿನ ಗೊರಸನ್ನು ಬಿಡಲಿಲ್ಲ. "ಹಿಂಡಿ ತಿಂತತೇನ?"

"ನೀ ಬಂದು ಕೇಳು ಅದನ್ನ. ಯಾಕ ಬಿಟ್ಟ ಬಂದಿ ಅಣ್ಣಾ? ನಾವೇನ ಮಾಡಿದ್ವಿ?"

"ನೀವೇನೂ ಮಾಡ್ಲಿಲ್ಲ."

"ಹಂಗಂದ್ರ ಇನ್ನೂ ಕಷ್ಟ ಆಕ್ಕೇತಿ. ಏನರ ಒಂದು ತಪ್ಪ ಹೇಳು, ಮನಿಗೆ ಒಯ್ತೇನಿ."

ಅವನು ಒರೆಸುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟ. "ಗೆದ್ದ ಹೋರಿ ಒಂದ ದಿನ ಸೋಲ್ತೇತಿ ತಂಗಿ. ಸೋಲಲಾರದ್ದು ಯಾವುದೂ ಇಲ್ಲ. ಅವತ್ತ ಹಗ್ಗ ನನ್ನ ಕೈಯಾಗ ಇರಬಾರದು, ನಾ ಅದನ್ನ ಕಣ್ಣೀಲೆ ನೋಡಬಾರದು ಅನಿಸ್ತು. ಹೇಡಿ ಅನ್ರಿ ಬೇಕಾದ್ರ." ಕರುವಿನ ಹಣೆ ತಟ್ಟಿದ. "ಇದಕ್ಕಿನ್ನೂ ಏನೂ ಗೊತ್ತಿಲ್ಲ. ನೆಮ್ಮದಿ."

ಬೈಯಬೇಕೆಂದೇ ಬಂದಿದ್ದಳು. ಈಗ ಬೇಡಿಕೊಂಡಳು. "ಅಕ್ಕಿಆಲೂರಿಗೆ ಒಮ್ಮಿ ಬಾ. ತುದಿಗೆ ನಿಂತು ಒಮ್ಮಿ ಕರಿ. ಆಮ್ಯಾಗ ನಾ ಏನೂ ಕೇಳೂದಿಲ್ಲ."

"ಇವರ ಅನ್ನ ತಿಂದು ನಿಮ್ಮ ಹೋರಿ ಕರದ್ರ, ನಾಳೆ ಯಾರ ನಂಬ್ತಾರ?"

"ಹಂಗಾರ ದನಿಯರ ಕೊಡು." ಅವಳು ಫೋನನ್ನು ಮುಂದೆ ಹಿಡಿದಳು.

ಶಾಕೀರಾ ಗಂಡನ ಮುಖ ನೋಡಿದಳು. ಇನಾಯತ ಫೋನು ಇಸಿದುಕೊಂಡು ಎದ್ದು ಹಿತ್ತಲ ಗೋಡೆಯ ತನಕ ನಡೆದ, ಬೆನ್ನು ತಿರುಗಿಸಿ ನಿಂತ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ. ಅಂಗಳದ ಕರು ಬೆಚ್ಚಿ ಕಿವಿ ಎತ್ತಿತು. ತಿರುಗಿ ಬಂದಾಗ ಅವನ ಕಣ್ಣುಗಳು ಕೆಂಪಾಗಿದ್ದವು.

"ತುದಿಗೆ ನಿಂತಾಂವನ ಕೈಯಾಗ ಅಷ್ಟ ಇರ್ಲಿ, ಜಯವ್ವಾ. ದನಿ ಒಂದ ಕಡಿಯಿಂದ ಬರಬೇಕು. ಬ್ಯಾರೆ ಯಾರಿಗೂ ಕೊಡಬ್ಯಾಡ."

"ಆತು," ಎಂದಳು.

ಬಸ್ಸಿನ ಕಿಟಕಿಗೆ ತಲೆಯಿಟ್ಟು ಬರುವಾಗ ಅವಳಿಗೆ ತೀರಿಹೋದ ಅಜ್ಜಿಯ ಮಾತು ನೆನಪಾಯಿತು. ಮುಚ್ಚಂಜೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೇ ಕೂಗಿಗೆ ಓ ಅನ್ನಬಾರದು ಎನ್ನುತ್ತಿದ್ದಳು ಅಜ್ಜಿ. ಅಡವಿಯಲ್ಲೊಂದು ಉಂಟು, ಅದಕ್ಕೆ ಸ್ವಂತ ದನಿಯಿಲ್ಲ. ಹೆತ್ತವ್ವನ ದನಿಯನ್ನು ಕದ್ದು ಎಂಟೂ ದಿಕ್ಕಿನಿಂದ ಕರೆಯುತ್ತದೆ. ಓ ಅಂದವನು ಯಾವ ದಿಕ್ಕಿಗೆ ಹೋಗಬೇಕೆಂದು ತಿಳಿಯದೆ ನಿಂತಲ್ಲೇ ಮರವಾಗುತ್ತಾನೆ. ಜಯಶ್ರೀ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಹೊಲದಲ್ಲಿ ಅದು ಕೆಲಸ ಮಾಡಿತು. ರವಿಕುಮಾರ ತುದಿಗೆ ನಿಂತು ಫೋನು ಎತ್ತಿ ಹಿಡಿದ. ದನಿ ಕೇಳಿದ್ದೇ ಬೆಳ್ಳಿಚುಕ್ಕಿ ಮಣ್ಣು ಸಿಡಿಸುತ್ತ ಬಂತು. ಹತ್ತಿರ ಬಂದು ಅವನ ಕೈ, ಕಂಕುಳು, ಬೆನ್ನು ಎಲ್ಲ ಮೂಸಿ ನೋಡಿತು, ಯಾರನ್ನೋ ಎಲ್ಲಿಯೋ ಬಚ್ಚಿಟ್ಟಿದ್ದಾನೆ ಎಂಬಂತೆ. ಅಂದು ಸಂಜೆ ಅರ್ಧ ಬಕೆಟ್ಟು ಹಿಂಡಿಯನ್ನೂ ತಿಂದಿತು.

ಆದರೆ ಅಕ್ಕಿಆಲೂರಿನ ಗದ್ದಲದಲ್ಲಿ ಫೋನಿನ ದನಿ ಯಾರಿಗೆ ಕೇಳೀತು? ಡಿಜೆ ಡಬ್ಬಿಗಳಿದ್ದದ್ದು ಪ್ರಭುವಿನ ಬಳಿ. "ತುದಿಗೆ ಒಂದ ಡಬ್ಬಿ ಇಟ್ಟು ಹಚ್ಚತೇನಿ ಅಕ್ಕಾ. ದೇವರಾಣಿ, ಬ್ಯಾರೆ ಯಾರಿಗೂ ಕೊಡೂದಿಲ್ಲ," ಎಂದ. ಅವಳು ಆ ದನಿಯನ್ನು ಅವನ ಫೋನಿಗೆ ಕಳಿಸಿದಳು. ಬೇರೆ ದಾರಿ ಕಾಣಲಿಲ್ಲ.

ಮರುದಿನ ಬಾವಿಯ ಹತ್ತಿರ ಯಾರದೋ ಫೋನು ರಿಂಗಾಯಿತು: "ಚುಕ್ಕ್ಯಾ... ಬಾರೋ, ಬಾರೋ ನನ್ನಪ್ಪಾ." ಅವಳು ಕೊಡ ಅಲ್ಲೇ ಇಟ್ಟು ಚಾದಂಗಡಿಗೆ ನಡೆದಳು. ಪ್ರಭು ಬಳಗದ ಗ್ರೂಪಿಗೆ ಹಾಕಿದ್ದ. ಫೋನಿನಿಂದ ಇನಾಯತನ ಫೋಟೊ ಅಳಿಸಿದವರೇ ಅವನ ದನಿಯನ್ನು ರಿಂಗಿಗೆ ಹಾಕಿಕೊಂಡಿದ್ದರು.

"ನನಗ ಕೊಡಾಕ ಮನಸ ಇರಲಿಲ್ಲ ಅಕ್ಕಾ," ಎಂದ ಪ್ರಭು, ಮುಖ ಕೆಳಗೆ ಹಾಕಿ. "ನಾ ಒಬ್ಬನ ಕುಂತು ಕೇಳಿದೆ. ಕೇಳಿ ಅಳು ಬಂತು. ಅವರೂ ಕೇಳ್ಲಿ ಅನಿಸ್ತು. ಅವರನ್ನೂ ಅಂವ ಬಿಟ್ಟು ಹೋಗ್ಯಾನಲ್ಲ?"

ಅಕ್ಕಿಆಲೂರಿನಲ್ಲಿ ಮಾಳಿಗೆ, ಮರ, ಟ್ರಾಲಿ, ಎಲ್ಲ ಕಡೆ ಜನ. ಹೆಂಗಸರ ಜೊತೆ ಜಯಶ್ರೀ ಅಕ್ಕಿ ಗಿರಣಿಯ ಮಾಳಿಗೆ ಹತ್ತಿದ್ದಳು. ಎದುರುಗಡೆ, ಬೇಲಿಯಾಚೆ, ಹಿರೇಕೆರೂರಿನವರ ಟ್ರಾಲಿಯ ಮೇಲೆ ಇನಾಯತ ನಿಂತಿದ್ದ. ತಿಳವಳ್ಳಿಯ ಹುಡುಗರು ಕೆಲವರು ಅವನಿಗೆ ಕಾಣುವ ಹಾಗೆ ನೆಲಕ್ಕೆ ಉಗುಳಿ ಹೋದರು. ಒಬ್ಬ ಉಗುಳಿದವನೇ ಹಿಂದಿರುಗಿ ಬಂದು, "ಅರಾಮಿದ್ದೀಯೇನ ಅಣ್ಣಾ?" ಎಂದು ಕೇಳಿ ಹೋದ.

ಮೈಕಿನಲ್ಲಿ ಬೆಳ್ಳಿಚುಕ್ಕಿಯ ಹೆಸರು ಬಂತು. ಕನ್ನಡಿ ಝೂಲ ಬಿಸಿಲಿಗೆ ಝಗ್ಗೆಂದಿತು. ಆ ತುದಿಯ ಡಬ್ಬಿಯಿಂದ ದನಿ ಹೊರಟಿತು. ಹೋರಿ ಹಾರಿತು. ಮೊದಲ ಗುಂಪು ಸೀಳಿ ಬಿದ್ದಿತು, ಎರಡನೆಯದೂ ಬಿದ್ದಿತು. ನಡುದಾರಿಯಲ್ಲಿ ಟ್ರಾಲಿಯ ಎದುರಿಗೆ ಬಂದಾಗ ಅದು ಯಾಕೋ ಹೆಜ್ಜೆ ತಡೆಯಿತು, ಮೂಗು ಎತ್ತಿ ಗಾಳಿ ಎಳೆಯಿತು. ಅಷ್ಟೇ ಆಗಿದ್ದು. ಇನ್ನೊಂದು ಉಸಿರಿಗೆ ಮುಂದೆ ಹೋಗುತ್ತಿತ್ತೇನೋ.

ಆದರೆ ಬಳಗದವರಿಗೆ ತಡೆಯಲಾಗಲಿಲ್ಲ. ತಮ್ಮ ಹೋರಿ ನಿಂತಿದೆ, ತಾವು ಸುಮ್ಮನಿರುವುದು ಹೇಗೆ? ಒಬ್ಬ ಫೋನು ಎತ್ತಿದ, ಅವನನ್ನು ನೋಡಿ ಇನ್ನೊಬ್ಬ. ಬೇಲಿಯಿಂದ, ಮರದಿಂದ, ಮಾಳಿಗೆಯಿಂದ, ಎಲ್ಲ ಕಡೆಯಿಂದ ಇನಾಯತ ಕರೆಯತೊಡಗಿದ. ಒಂದು ದನಿ ಮುಗಿಯುವ ಮೊದಲೇ ಇನ್ನೊಂದು. ಚುಕ್ಕ್ಯಾ ಬಾರೋ, ಬಾರೋ, ಚುಕ್ಕ್ಯಾ, ನನ್ನಪ್ಪಾ.

"ಬಂದ್ ಮಾಡ್ರೋ!" ಎಂದು ಜಯಶ್ರೀ ಚೀರಿದಳು. "ನಿಮ್ಮ ಕಾಲಿಗೆ ಬೀಳ್ತೇನಿ, ಬಂದ್ ಮಾಡ್ರೋ!" ಕೇಕೆಯಲ್ಲಿ ಅದು ಯಾರಿಗೂ ಕೇಳಲಿಲ್ಲ.

ಬೆಳ್ಳಿಚುಕ್ಕಿ ಎಡಕ್ಕೆ ಎರಡು ಹೆಜ್ಜೆ ಇಟ್ಟಿತು, ಬಲಕ್ಕೆ ಹೊರಳಿತು, ತನ್ನ ಸುತ್ತ ತಾನೇ ತಿರುಗಿತು. ಹುಡುಗರು ಮುತ್ತಿದರು. ಒಬ್ಬೊಬ್ಬರೇ ಕೊಬ್ಬರಿ ಹರಿದುಕೊಂಡರು. ಅದು ಕೋಡು ಬೀಸಲಿಲ್ಲ. ಝೂಲ ಹರಿದು ಕನ್ನಡಿ ಚೂರುಗಳು ಧೂಳಿಗೆ ಉದುರಿದವು.

ಟ್ರಾಲಿಯ ಕೆಳಗೆ, ಬೇಲಿಗೆ ಒತ್ತಿ, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಜನ ನಿಂತಿದ್ದರು. ಮೇಲೆ ಇನಾಯತ. ಎರಡೂ ಅಂಗೈಯಿಂದ ತನ್ನ ಬಾಯಿಯನ್ನು ತಾನೇ ಒತ್ತಿ ಮುಚ್ಚಿಕೊಂಡು ನಿಂತಿದ್ದ. ಒಂದು ಸಲ ಅವನ ನಿಜವಾದ ದನಿ ಹೊರಬಿದ್ದರೆ ಹೋರಿ ಎಲ್ಲಿಗೆ ನುಗ್ಗುತ್ತದೆಂದು ಅವನಿಗೆ ಗೊತ್ತಿತ್ತು. ಜಯಶ್ರೀಗೂ ಗೊತ್ತಿತ್ತು. ಆದರೂ ಅವಳು ಮನಸ್ಸಿನಲ್ಲೇ ಅಂದಳು: ಕರಿ. ಕರಿ ಅಣ್ಣಾ. ಅಂದ ಮೇಲೆ ತನಗೆ ತಾನೇ ಹೆದರಿದಳು.

ಫೋನುಗಳು ಒಂದೊಂದಾಗಿ ಸುಮ್ಮನಾದವು. ಓಡಬೇಕಾದ ಹೋರಿ ಬರಿಗೊರಳಲ್ಲಿ ನಡೆದು ಹೋಯಿತು. ತುದಿಯಲ್ಲಿ ರವಿಕುಮಾರ ಮೂಗುದಾರ ಹಿಡಿದರೆ ಬೇಡವೆನ್ನಲಿಲ್ಲ.

ಮಾಳಿಗೆಯ ಮೇಲೆ ತಿಳವಳ್ಳಿಯ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳಿದಳು, ಮೆಲ್ಲಗೇನೂ ಅಲ್ಲ: "ತವರಮನಿ ಸೇರಿದ್ದು ಯಾವುದೂ ಮುಂದ ಹೋಗೂದಿಲ್ಲ ಬಿಡವಾ."

ಸಂಜೆ ಬಳಗದವರು ಕೊಟ್ಟಿಗೆಯ ಮುಂದೆ ಬಂದು ಕೂತರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಅಂವ ಇದ್ದಿದ್ರ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. "ಮುಂದಿನ ಸಂತಿ ಹೊತ್ತಿಗೆ ನೋಡೂಣು," ಎಂದ ಪ್ರಭು. ಏನನ್ನು ನೋಡುವುದೆಂದು ಎಲ್ಲರಿಗೂ ಗೊತ್ತಿತ್ತು. ರವಿಕುಮಾರ ಮೊಣಕಾಲಲ್ಲಿ ತಲೆ ಹುದುಗಿಸಿದ್ದ.

ಜಯಶ್ರೀ ಹಿಂಡಿ ಕಲಸಿದಳು. ಬೆಲ್ಲ ಹಾಕಿದಳು. ಬಕೆಟ್ಟನ್ನು ಹೋರಿಯ ಮುಂದಿಟ್ಟು ಅದರ ಹರಿದ ಕೊರಳಪಟ್ಟಿ ಬಿಚ್ಚುತ್ತಿದ್ದಳು.

"ಚುಕ್ಕ್ಯಾ..."

ಮತ್ಯಾರದೋ ಫೋನು ಎಂದು ಮೈ ಉರಿದು ಅವಳು ತಿರುಗಿದಳು. ಫೋನಲ್ಲ. ಬಳಗದವರೆಲ್ಲ ಎದ್ದು ನಿಂತಿದ್ದರು. ಅಂಗಳದ ಆಚೆ ಬೇವಿನ ಮರದ ಕೆಳಗೆ, ಚಪ್ಪಲಿ ಕೈಯಲ್ಲಿ ಹಿಡಿದು, ಇನಾಯತ. ಒಳಗೆ ಬರಲು ಕಾಲು ಬಾರದೆ ಅಲ್ಲೇ ನಿಂತವನು ಕೈಯನ್ನು ಬಾಯಿಗೆ ಅಡ್ಡ ಹಿಡಿದ. ದನಿ ಒಡೆದಿತ್ತು.

"ಬಾರೋ. ಬಾರೋ ನನ್ನಪ್ಪಾ."

ನಾಲಿಗೆಯಿಂದ ಲಟ್ಟೆಂದು ಸದ್ದು ಮಾಡಿದ.

ಜಯಶ್ರೀ ಹೋರಿಯ ಕಿವಿಗಳನ್ನೇ ನೋಡುತ್ತ ನಿಂತಳು. ಅವು ಅಲುಗಲಿಲ್ಲ. ಹೋರಿ ತಲೆ ತಗ್ಗಿಸಿ, ಬಕೆಟ್ಟಿಗೆ ಮೂತಿಯಿಟ್ಟು, ಹಿಂಡಿ ತಿನ್ನತೊಡಗಿತ್ತು. ತಳ ಕಾಣುವ ತನಕ ತಿಂದಿತು.