ಹೊರನೆಲದ ಗೆಲುವು

ದಾಳ ಉರುಳಿಸದೆಯೇ ಮೌರಿಸ್ ಫಲಿತಾಂಶ ಬರೆದ. ಕಾಪು ಐದು, ಪರ್ಕಳ ಎರಡು.

ಪೋಸ್ಟ್‌ಕಾರ್ಡಿನ ಶಾಯಿ ಆರುವವರೆಗೆ ಕಾದ. ಐದು–ಎರಡು ಸಹಜವಾಗಿ ಕಾಣುತ್ತದೆಯೇ? ಹೋದ ತಿಂಗಳು ನಾಲ್ಕು–ಮೂರು ಬರೆದಿದ್ದ. ಅದರ ಹಿಂದಿನ ಸಲ ಏಳು–ಒಂದು. ಒಂದೇ ಬಗೆಯ ಅಂಕಿಗಳು ಬಂದರೆ ಅನುಮಾನ ಹುಟ್ಟುತ್ತದೆ. ಮಣಿಪಾಲದ ಕಾಲೇಜಿನಲ್ಲಿ ಎಂಟು ವರ್ಷದಿಂದ ಸಂಖ್ಯಾಶಾಸ್ತ್ರ ಕಲಿಸುವವನಿಗೆ ಇಷ್ಟಾದರೂ ಗೊತ್ತಿರಬೇಕು.

ಎಂದಿನಂತಾದರೆ ಕಾರ್ಡು ಅಂಚೆಪೆಟ್ಟಿಗೆಗೆ ಹೋಗುತ್ತಿತ್ತು. ಈ ಬಾರಿ ಕಾಪು ತಂಡದ ಗೆಳೆಯ ಜೇಮ್ಸ್ ಮೊದಲೇ ಒಂದು ಸಾಲು ಬರೆದಿದ್ದ: ‘ಕೊನೆಯ ಪಂದ್ಯದ ಕಾರ್ಡು ಅಂಚೆಗೆ ಹಾಕಬೇಡ. ನೀನೇ ತಾ.’

ಮೌರಿಸ್ ಚರ್ಚಿನ ಪೂಜೆ ಮುಗಿಸಿ ಪರ್ಕಳದಲ್ಲಿ ಬಸ್ಸು ಹತ್ತಿದ, ಉಡುಪಿಯಲ್ಲಿ ಇಳಿದು ಕಾಪುವಿಗೆ ಇನ್ನೊಂದು ಹತ್ತಿದ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಗದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ನಿಂತು ಹೋಗುವವನಿಗೆ ಯೋಚನೆ ಬರುವುದಿಲ್ಲ.

ಎಪ್ಪತ್ತೊಂದರಲ್ಲಿ, ಕೋಳಿ ಸಾಕುವುದನ್ನು ಕಲಿಸಲು ಕಾರ್ಕಳಕ್ಕೆ ಬಂದಿದ್ದ ಒಬ್ಬ ಅಮೆರಿಕದವನು ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ಬಿಟ್ಟುಹೋಗಿದ್ದ. ಒಳಗೆ ಎರಡು ದಾಳ, ಬೇಸ್‌ಬಾಲಿನ ಕೋಷ್ಟಕಗಳು. ದಾಳ ಉರುಳಿಸಿ, ಕೋಷ್ಟಕ ನೋಡಿ, ಹೊಡೆತವೋ ಔಟೋ ಬರೆದುಕೊಳ್ಳುವುದು. ಕಾಲೇಜು ಹಾಸ್ಟೆಲಿನ ನಾಲ್ವರು ಗೆಳೆಯರಲ್ಲಿ ಒಬ್ಬನೂ ಆ ಆಟವನ್ನು ಕಣ್ಣಾರೆ ಕಂಡವನಲ್ಲ. ಬಹುಶಃ ಅದಕ್ಕೇ ಅದು ಹಿಡಿಸಿತು. ಜೇಮ್ಸನ ತಂಡ ಕಾಪು, ರೊಸಾರಿಯೊನದು ಕಾರ್ಕಳ, ಜಮಾಲನದು ಎರ್ಮಾಳ್, ಮೌರಿಸನದು ಪರ್ಕಳ. ವರ್ಷಕ್ಕೆ ಒಂದು ಋತು, ಪ್ರತಿ ತಂಡಕ್ಕೆ ಅರವತ್ತು ಪಂದ್ಯ.

ರೊಸಾರಿಯೊ ಪೂನಾಕ್ಕೆ ಹೋದ, ಜಮಾಲ್ ದುಬೈಗೆ. ಆಟ ಅಂಚೆಯಲ್ಲಿ ಮುಂದುವರಿಯಿತು. ಯಾರ ನೆಲದ ಪಂದ್ಯವೋ ಅವನೇ ಎರಡೂ ತಂಡಗಳಿಗೆ ದಾಳ ಹಾಕಿ ಫಲಿತಾಂಶ ಬರೆದು ಕಳಿಸಬೇಕು. ಸಾಕ್ಷಿ ಬೇಡ. ಹನ್ನೊಂದು ವರ್ಷ ಯಾರೂ ಕೇಳಿರಲಿಲ್ಲ.

ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಸಂತೆಕಟ್ಟೆಯ ತಿರುವಿನಲ್ಲಿ ಲಾರಿಯೊಂದು ಜೇಮ್ಸನ ಸ್ಕೂಟರಿಗೆ ಹೊಡೆಯಿತು. ಸೊಂಟದ ಕೆಳಗೆ ಜೀವ ಹೋಯಿತು. ಮೌರಿಸ್ ಮೊದಲು ಪ್ರತಿ ಭಾನುವಾರ ಹೋಗುತ್ತಿದ್ದ. ಆಮೇಲೆ ಪರೀಕ್ಷೆಯ ಪೇಪರುಗಳು ಬಂದವು. ಆಮೇಲೆ ಕಾರಣ ಬೇಕಾಗಲಿಲ್ಲ.

ಈ ವರ್ಷದ ಮೊದಲ ಪಂದ್ಯವನ್ನು ಅವನು ಪ್ರಾಮಾಣಿಕವಾಗಿಯೇ ಆಡಿದ್ದ. ಕಾಪು ಸೋತಿತು. ಕಾರ್ಡು ಬರೆಯಲು ಕುಳಿತಾಗ ಆ ಕಾರ್ಡನ್ನು ಓದುವವನ ಮಂಚ ಕಣ್ಣಮುಂದೆ ಬಂತು. ಮತ್ತೊಮ್ಮೆ ದಾಳ ಹಾಕಿದ, ಕಾಪು ಗೆದ್ದದ್ದನ್ನೇ ಬರೆದ. ಮೂರನೆಯ ಪಂದ್ಯದಿಂದ ದಾಳವನ್ನೇ ಹಾಕಲಿಲ್ಲ.

ಜೇಮ್ಸನ ಅಕ್ಕ ಬೆನೆಡಿಕ್ಟಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಓ, ಪರ್ಕಳದ ಬಸ್ಸು ಈಗ ಬಂತಾ? ಎರಡು ವರ್ಷ ಆಯಿತಲ್ಲ ಹೊರಟು.”

“ಕೆಲಸ, ಬೆನೆಡಿಕ್ಟಾ ಬಾಯಿ.”

“ಕೆಲಸ ಎಲ್ಲರಿಗೂ ಉಂಟು. ಒಳಗೆ ಹೋಗು. ಬೆಳಿಗ್ಗೆಯಿಂದ ಮೂರು ಸಲ ತಲೆ ಬಾಚಿಸಿಕೊಂಡಿದ್ದಾನೆ, ನೀನು ಬರುತ್ತೀ ಅಂತ.”

ಜೇಮ್ಸ್ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದ. ಮುಖ ತುಂಬಿಕೊಂಡಿತ್ತು. ತೊಡೆಯ ಮೇಲೆ ಲೀಗಿನ ರಿಜಿಸ್ಟರು. ಎಲ್ಲ ಕಾರ್ಡುಗಳೂ ಅವನಿಗೆ ಬರುತ್ತಿದ್ದವು, ಬರೆದಿಡುವವನು ಅವನೇ. ಉಳಿದವರಿಗೆ ತಿಂಗಳಿಗೊಮ್ಮೆ ಒಟ್ಟು ಅಂಕಿಗಳು ಮಾತ್ರ ತಲುಪುತ್ತಿದ್ದವು.

“ಬಸ್ಸಿನಲ್ಲಿ ರಶ್ ಇತ್ತಾ?”

“ಇರಲಿಲ್ಲ.”

“ಕಾರ್ಡು?”

ಮೌರಿಸ್ ಕೊಟ್ಟ. ಜೇಮ್ಸ್ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

“ಯಾವಾಗ ಆಡಿದ್ದು?”

“ಬೆಳಿಗ್ಗೆ. ಪೂಜೆಗೆ ಮೊದಲು.”

“ಅಂಗಾರ ಎಷ್ಟು ಹೊಡೆದ?”

ಅಂಗಾರ ಕಾಪುವಿನ ಕಾಗದದ ಆಟಗಾರ. ಓಟದಲ್ಲಿ ಅವನನ್ನು ಮೀರಿದವನಿಲ್ಲ. ಮೌರಿಸ್ ಅವನ ಬಗ್ಗೆ ಯೋಚಿಸಿರಲಿಲ್ಲ.

“ಒಂದು. ಹೋಮ್ ರನ್.”

“ಪಾಪ, ನಿನ್ನ ನೆಲದಲ್ಲಿ ಚೆನ್ನಾಗಿ ಆಡುತ್ತಾನೆ ಮಾರಾಯ.” ಜೇಮ್ಸ್ ನಕ್ಕ. “ಹಾಗಾದರೆ ನಲವತ್ತೈದು ಗೆಲುವು. ರೊಸಾರಿಯೊನ ದಾಖಲೆ ಹೋಯಿತು.”

“ಹೋಯಿತು.”

“ಈಗ ನಿಯಮದ ಪ್ರಕಾರ ಅಂಗಾರ ನಿನಗೆ. ಕೊನೆಯ ಸ್ಥಾನ ನಿನ್ನದಲ್ವಾ?”

ಆ ನಿಯಮ ಮೌರಿಸನದೇ. ಎಪ್ಪತ್ತೈದರಲ್ಲಿ ಕಾರ್ಕಳ ನಲವತ್ತನಾಲ್ಕು ಗೆದ್ದಾಗ ಉಳಿದವರಿಗೆ ಆಟ ಬೇಸರವಾಗಿತ್ತು. ಗೆದ್ದ ತಂಡ ತನ್ನ ಅತ್ಯುತ್ತಮ ಆಟಗಾರನನ್ನು ಕೊನೆಯ ತಂಡಕ್ಕೆ ಕೊಡಬೇಕು, ಬಲ ಸಮವಾಗಬೇಕು ಎಂದು ಅವನೇ ಹಟ ಹಿಡಿದಿದ್ದ.

“ಅದು ಬೇಡ ಅಂತ ಬರೆದಿದ್ದೆನಲ್ಲ, ಈ ವರ್ಷ.”

“ಹೌದು, ನೀನು ಬರೆದಿದ್ದೆ. ಆಗಲೇ ಗೊತ್ತಾಯಿತು.”

“ಎಂತ?”

“ರೊಸಾರಿಯೊ ಅಳುತ್ತಾ ಕೇಳಿಕೊಂಡರೂ ನೀನು ಆ ನಿಯಮ ಬಿಟ್ಟವನಲ್ಲ.” ಜೇಮ್ಸ್ ರಿಜಿಸ್ಟರು ಬಿಡಿಸಿದ. “ಮಾಸ್ಟ್ರೇ, ಒಂದು ಲೆಕ್ಕ. ಈ ಮಂಚದ ಮೇಲೆ ನಾನು ಹಾಕಿದ್ದು ಮೂವತ್ತು ಪಂದ್ಯ. ಗೆದ್ದದ್ದು ಹದಿನಾರು. ನೀವು ಮೂವರು ಹೊರಗೆ ಹಾಕಿದ್ದು ಇವತ್ತಿನದು ಬಿಟ್ಟು ಇಪ್ಪತ್ತೊಂಬತ್ತು. ಗೆದ್ದದ್ದು ಇಪ್ಪತ್ತೆಂಟು.”

ಮೌರಿಸನ ತಲೆ ತಾನಾಗಿಯೇ ಸಂಭವನೀಯತೆಯ ಲೆಕ್ಕ ಹಾಕತೊಡಗಿತು. ದಶಮಾಂಶದ ಚುಕ್ಕೆಯ ನಂತರ ಸೊನ್ನೆಗಳು ಬೆಳೆದವು. ನಿಲ್ಲಿಸಿದ.

ತಾನೊಬ್ಬನೇ ಎಂದುಕೊಂಡಿದ್ದ. ಪೂನಾದಲ್ಲಿ ರೊಸಾರಿಯೊ, ದುಬೈಯಲ್ಲಿ ಜಮಾಲ್, ಒಬ್ಬರಿಗೊಬ್ಬರು ಹೇಳದೆ, ಅದೇ ಮೇಜು, ಅದೇ ಮುಟ್ಟದ ದಾಳ. ಸ್ವತಂತ್ರ ಘಟನೆಗಳು. ಶುಕ್ರವಾರವಷ್ಟೇ ಎರಡನೆಯ ಬಿ.ಎಸ್ಸಿ.ಗೆ ಅದರ ಪಾಠ ಮಾಡಿದ್ದ.

“ಅದೃಷ್ಟ ಕೆಲವೊಮ್ಮೆ…” ಅಂದ.

“ಹೇಳಬೇಡ. ನಿನ್ನ ಬಾಯಲ್ಲಿ ಬೇಡ.”

ಬೆನೆಡಿಕ್ಟಾ ಚಹಾ, ಬನ್ಸ್ ತಂದಿಟ್ಟು ಇಬ್ಬರ ಮುಖವನ್ನೂ ನೋಡಿ ಅಂಗಳಕ್ಕೆ ಹೋದಳು.

“ಒಂದು ಸೋಲು ಉಂಟು,” ಜೇಮ್ಸ್ ಪ್ರಾರ್ಥನೆಯ ಪುಸ್ತಕದಿಂದ ಒಂದು ನೀಲಿ ಏರ್‌ಲೆಟರ್ ತೆಗೆದ. ಮಡಿಕೆಗಳು ಸವೆದಿದ್ದವು. “ಏಪ್ರಿಲಿನಲ್ಲಿ ಜಮಾಲ್ ನನ್ನನ್ನು ಸೋಲಿಸಿದ. ಆರು–ಸೊನ್ನೆ. ಆ ವಾರ ಅವನಿಗೆ ಮಗಳು ಹುಟ್ಟಿದ್ದು. ಖುಷಿಯಲ್ಲಿ ನನ್ನ ಕಾಲು ಮರೆತುಬಿಟ್ಟ.” ಮಡಿಸಿ ಮತ್ತೆ ಒಳಗಿಟ್ಟ. “ಇಡೀ ವರ್ಷದಲ್ಲಿ ನನ್ನ ಜೊತೆ ಆಡಿದ್ದು ಅವನೊಬ್ಬ, ಅದೊಂದೇ ಸಲ.”

“ಜೇಮ್ಸ್, ನಾವು…”

“ನೀವು ಬರಲಿಲ್ಲ. ಗೆಲುವು ಕಳಿಸಿದಿರಿ.” ದನಿ ಏರಲಿಲ್ಲ. “ನನಗಾಗದಿದ್ದರೂ ಅಂಗಾರ ಓಡುತ್ತಾನೆ ಅಂದುಕೊಂಡಿದ್ದೆ. ಅವನೂ ಓಡಲಿಲ್ಲ ಮಾರಾಯ. ಅವನನ್ನೂ ಹೊತ್ತುಕೊಂಡೇ ಹೋದಿರಿ.”

ಹೊರಗೆ ಬಟ್ಟೆ ಕೊಡವುವ ಸದ್ದು. ಮೌರಿಸ್ ಚಹಾದ ಲೋಟ ಎತ್ತಿದ, ಕುಡಿಯದೆ ಇಟ್ಟ.

ಜೇಮ್ಸ್ ಕಾರ್ಡನ್ನು ನಾಲ್ಕಾಗಿ ಹರಿದು ತಟ್ಟೆಯ ಅಂಚಿನಲ್ಲಿಟ್ಟ. ಮಂಚದ ಮೇಲೆ ಹಲಗೆ ಎಳೆದು, ದಾಳ ಮುಂದಿಟ್ಟ.

“ನಿನ್ನ ನೆಲದ ಪಂದ್ಯ. ನೀನು ಹಾಕು. ನಾನು ಬರೆಯುತ್ತೇನೆ.”

ಆಡಿದರು. ಮೊದಲು ಪ್ರತಿ ದಾಳಕ್ಕೂ ಮೌರಿಸ್ ಜೇಮ್ಸನ ಮುಖ ನೋಡುತ್ತಿದ್ದ. ಮೂರನೆಯ ಸರದಿಯ ಹೊತ್ತಿಗೆ ಅದನ್ನು ಮರೆತ. ನಾಲ್ಕನೆಯದರಲ್ಲಿ ಪರ್ಕಳ ಎರಡು ರನ್ ಗಳಿಸಿದಾಗ ತನಗೆ ಅರಿವಿಲ್ಲದೆ ತೊಡೆ ತಟ್ಟಿ ನಕ್ಕ. “ನಗಬೇಡವೋ ಕಳ್ಳ,” ಎಂದು ಜೇಮ್ಸ್ ಬೈದ. ಹಾಸ್ಟೆಲಿನ ಬೈಗುಳ. ಕೋಣೆಗೆ ಗಾಳಿ ಬಂದಂತಾಯಿತು.

ಒಂಬತ್ತನೆಯ, ಕೊನೆಯ ಸರದಿ. ಅವರ ಆಟದಲ್ಲಿ ಹೊರಗಿನ ತಂಡಕ್ಕೇ ಕೊನೆಯ ಬ್ಯಾಟು, ಪರ್ಕಳದ್ದು ಮುಗಿದಿತ್ತು. ಕಾಪು ಒಂದು ರನ್ ಹಿಂದೆ. ಇಬ್ಬರು ಔಟು, ಒಬ್ಬ ಬೇಸಿನ ಮೇಲೆ. ಬ್ಯಾಟು ಅಂಗಾರನ ಕೈಯಲ್ಲಿ.

“ಹನ್ನೆರಡು ಬಿದ್ದರೆ ಹೋಮ್ ರನ್, ಎರಡು ರನ್, ಕಾಪುವಿನ ಗೆಲುವು,” ಕೋಷ್ಟಕದ ಮೇಲೆ ಬೆರಳಿಟ್ಟು ಜೇಮ್ಸ್ ಹೇಳಿದ. “ಬೇರೆ ಏನೇ ಬಿದ್ದರೂ ಔಟು. ಹಾಕು.”

ಮೌರಿಸ್ ಹಾಕಿದ. ಒಂದು ದಾಳ ಹಲಗೆಯ ಮೇಲೆ ನಿಂತಿತು. ಆರು. ಇನ್ನೊಂದು ಅಂಚಿಗೆ ತಾಗಿ ನೆಲಕ್ಕೆ ಹಾರಿ ಮಂಚದಡಿ ಹೋಯಿತು.

“ಮತ್ತೆ ಹಾಕುತ್ತೇನೆ.”

“ಬೇಡ. ಎಲ್ಲಿ ಬಿದ್ದರೂ ಲೆಕ್ಕ. ಹಾಸ್ಟೆಲಿನ ನಿಯಮ. ನೋಡಿ ಹೇಳು.”

ಮೌರಿಸ್ ಮಂಡಿಯೂರಿದ. ತಲೆ ತಗ್ಗಿಸಿ ಮಂಚದಡಿ ನುಗ್ಗಿದ. ನೆಲ ತಣ್ಣಗಿತ್ತು. ಫಿನಾಯಿಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಗೋಡೆಯ ಬದಿಗೆ ಒಂದು ಜೊತೆ ಚಪ್ಪಲಿ. ಎಪ್ಪತ್ತೊಂಬತ್ತರ ಕ್ರಿಸ್ಮಸ್ಸಿಗೆಂದು ಕೊಂಡದ್ದಿರಬೇಕು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಿಮ್ಮಡಿಯ ಗುರುತೇ ಬೀಳದ ತೊಗಲಿನ ಮೇಲೆ, ಬಲ ಚಪ್ಪಲಿಯಲ್ಲಿ, ದಾಳ ಕುಳಿತಿತ್ತು.

ಆರು.

ಮತ್ತೆ ಎಣಿಸಿದ. ಮೂರು ಮತ್ತು ಮೂರು.

“ಎಷ್ಟು?” ಮೇಲಿನಿಂದ ಜೇಮ್ಸ್ ಕೇಳಿದ.

ಚಪ್ಪಲಿ ಎಳೆದರೆ ದಾಳ ಹೊರಳುತ್ತದೆ. ಕರೆದು ತೋರಿಸೋಣವೆಂದರೆ, ಇಷ್ಟು ಬಗ್ಗಬೇಕಾದವನು ಬಗ್ಗಲಾರ. ಆರು ಎಂದರೆ ಅದು ಇಪ್ಪತ್ತೊಂಬತ್ತನೆಯ ಹೊರನೆಲದ ಗೆಲುವಾಗುತ್ತದೆ, ಜಮಾಲನ ನೀಲಿ ಕಾಗದ ಮತ್ತೆ ಒಂಟಿಯಾಗುತ್ತದೆ. ಮೂರು ಎಂದರೆ ಅಂಗಾರ ಔಟು, ಜೇಮ್ಸ್ ನಂಬುತ್ತಾನೆ. ಬಹುಶಃ ನಗುತ್ತಾನೆ.

“ಮೌರಿಸ್, ಎಷ್ಟು ಬಿತ್ತು?”

ಒಂದು ಕ್ಷಣದ ನಂತರ, ಇನ್ನೂ ಮೆಲ್ಲಗೆ: “ಎಂತ ಮಾಡುತ್ತಿದ್ದೀ ಅಲ್ಲಿ?”

ತಲೆಯ ಮೇಲೆ ಮಂಚದ ಹಲಗೆ ಒಮ್ಮೆ ಕಿರುಗುಟ್ಟಿತು. ಅಲುಗದ ಎರಡು ಕಾಲುಗಳ ಕೆಳಗೆ ಮೌರಿಸ್ ಹೊಟ್ಟೆಯ ಮೇಲೆ ಮಲಗಿದ್ದ. ಅವನ ಬೆರಳು ಚಪ್ಪಲಿಯ ಅಂಚಿನವರೆಗೆ ಹೋಗಿ, ದಾಳವನ್ನು ಮುಟ್ಟದೆ, ಅಲ್ಲೇ ನಿಂತಿತ್ತು.