ಬಾಕ್ ಕೊಟ್ಟ ಅಂಪೈರ್

ಮೃಣಾಲಿನಿ ಧಾರವಾಡದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿ ಹೋಗುವುದು ಅವಳ ರಜಾದಿನದ ಹುಚ್ಚು. ಆ ಭಾನುವಾರ ಹುಬ್ಬಳ್ಳಿ ಮತ್ತು ಧಾರವಾಡ ತಂಡಗಳ ಫೈನಲ್‌ಗೆ ಅವಳೇ ಅಂಪೈರ್. ಧಾರವಾಡದ ಕೋಚ್ ಗುರುಸಿದ್ದಯ್ಯನವರು. ಕಾಲೇಜಿನಲ್ಲಿ ಅವಳಿಗೆ ಈ ಆಟ ಕಲಿಸಿದವರೇ ಅವರು.

ಹುಬ್ಬಳ್ಳಿಗೆ ಚೆಂಡೆಸೆಯುವ ಪಿಚರ್ ಅಸದ, ಬೆಂಗೇರಿಯವನು, ಎಡಗೈಯವನು. ಧಾರವಾಡದ ಓಟಗಾರನೊಬ್ಬ ಮೊದಲನೇ ಬೇಸ್ ಬಿಟ್ಟು ಮುಂದೆ ಸರಿದು, ಎರಡನೆಯದಕ್ಕೆ ಓಡಲು ಹೊಂಚು ಹಾಕಿ ನಿಂತಿದ್ದ. ಅಸದ ಬಲಗಾಲೆತ್ತಿ ಬ್ಯಾಟರನನ್ನೇ ನೋಡಿದ. ಮರುಕ್ಷಣ ಆ ಕಾಲನ್ನು ಮೊದಲನೇ ಬೇಸಿನತ್ತ ಊರಿ ಚೆಂಡನ್ನೂ ಅಲ್ಲಿಗೇ ಎಸೆದ. ಹಿಂದಿರುಗಿ ಬೇಸ್ ಮುಟ್ಟುವಷ್ಟರಲ್ಲಿ ಓಟಗಾರ ಔಟಾದ.

"ಬಾಕ್! ಬಾಕ್!" ಎಂದು ಕೂಗುತ್ತ ಗುರುಸಿದ್ದಯ್ಯ ಮೈದಾನದೊಳಕ್ಕೆ ನುಗ್ಗಿದರು. ಬೇಸಿನಲ್ಲಿ ಓಟಗಾರರಿದ್ದಾಗ, ಬ್ಯಾಟರನತ್ತ ಎಸೆಯಲು ತೊಡಗಿದ ಪಿಚರ್ ನಡುವೆ ನಿಲ್ಲುವಂತಿಲ್ಲ, ಬೇರೆ ಕಡೆ ಎಸೆಯುವಂತಿಲ್ಲ. ಹಾಗೆ ಮಾಡಿದರೆ ಅದು ಬಾಕ್. ಓಟಗಾರರೆಲ್ಲ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ.

"ಮೋಸ ಮಾಡ್ಯಾನ ಅಂವ! ಕಣ್ಣು ಆ ಕಡೆ, ಕೈ ಈ ಕಡೆ!"

"ಕಣ್ಣು ಎಲ್ಲೆ ಬೇಕಾದ್ರೂ ಇರಲಿ ಬಿಡ್ರಿ ಸರ್. ಕಾಲು ಬೇಸಿನ ಕಡೇನ ಇಟ್ಟಾನ. ಅಷ್ಟು ಮೋಸ ಆಟದಾಗ ನಡೀತದರಿ," ಎಂದಳು ಮೃಣಾಲಿನಿ.

"ನಾ ಕಲಿಸಿದ್ದನ್ನ ನನಗ ಹೇಳ್ತಿ?"

"ಹೌದ್ರಿ. ನೀವ ಕಲಿಸೀರಿ."

ಅವರು ಗೊಣಗುತ್ತ ಹಿಂದಿರುಗಿದರು. ಮೃಣಾಲಿನಿ ತನ್ನ ಜಾಗಕ್ಕೆ ಹೋಗಿ ನಿಂತಳು. ಅವರಿಗೆ ಎದುರಾಡಿದ್ದು ಅದೇ ಮೊದಲು.

ಕೊನೆಯ ಇನಿಂಗ್ಸಿನಲ್ಲಿ ಎರಡೂ ತಂಡಗಳ ರನ್ ಸಮ. ಕೊನೆಯ ಸರದಿ ಧಾರವಾಡದ್ದು, ಅದರ ಓಟಗಾರ ಮೂರನೇ ಬೇಸಿನಲ್ಲಿದ್ದ; ಅವನು ಓಡಿ ಬಂದರೆ ಗೆಲುವು. ಗಾಳಿಗೆ ಧೂಳೆದ್ದಿತ್ತು. ಅಸದ ಎಸೆಯಲು ಭುಜ ತಿರುಗಿಸಿದವನು ಥಟ್ಟನೆ ನಿಂತ. ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಶುರುಮಾಡಿದ. ಯಾರೂ ಕೂಗಲಿಲ್ಲ. ಗುರುಸಿದ್ದಯ್ಯ ಅತ್ತ ತಿರುಗಿ ನೀರು ಕುಡಿಯುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕೊಟ್ಟರೆ ತನ್ನ ಗುರುವನ್ನು ಗೆಲ್ಲಿಸಿದಳು ಅಂದಾರು ಎಂದು ಅವಳಿಗೆ ಹೊಳೆದದ್ದು ಕೈ ಮೇಲೆತ್ತಿ "ಬಾಕ್!" ಎಂದು ಕೂಗಿದ ಮೇಲೆಯೇ.

ಓಟಗಾರ ನಡೆದುಕೊಂಡೇ ಬಂದು ರನ್ ಮುಗಿಸಿದ. ಧಾರವಾಡ ಗೆದ್ದಿತು. ಹುಬ್ಬಳ್ಳಿಯವರು ಅವಳನ್ನು ಮುತ್ತಿಕೊಂಡರು.

"ನಿಮ್ಮ ಸರ್‌ನ ಗೆಲ್ಲಿಸಿದ್ರಿ ನೋಡ್ರಿ ಮೇಡಂ!" ಎಂದ ಕ್ಯಾಚರ್ ಯಮನಪ್ಪ.

ಅಸದ ಗೆಳೆಯರನ್ನು ಸರಿಸಿಕೊಂಡು ಬಂದ. ಅವನ ಕಣ್ಣು ಕೆಂಪಾಗಿ ನೀರಾಡುತ್ತಿತ್ತು.

"ಸುಮ್ನಿರ್ರಲೇ. ಕಣ್ಣಾಗ ಮಣ್ಣು ಬಿತ್ತು, ನಿಂತೆ. ಮೇಡಂ ಹೇಳಿದ್ದು ಖರೇ ಐತಿ."

ಯಮನಪ್ಪ ತಲೆ ಕೆರೆದುಕೊಂಡ. ಗುಂಪು ಕರಗಿತು. ಮೃಣಾಲಿನಿ ತನ್ನ ನೀರಿನ ಬಾಟಲಿಯನ್ನು ಅಸದನಿಗೆ ಕೊಟ್ಟು, "ಮದ್ಲ ಕಣ್ಣು ತೊಳಕೋಪಾ," ಎಂದಳು.

ಆಮೇಲೆ ಚಹದ ಗಾಡಿಯ ಬಳಿ ಗುರುಸಿದ್ದಯ್ಯ ಮೆಲ್ಲಗೆ ಕೇಳಿದರು: "ಅಂವ ಖರೇನ ನಿಂತಿದ್ನೇನವಾ? ನಾ ನೋಡಲೇ ಇಲ್ಲ."

"ನೋಡಿದ್ರ ನೀವು ಸುಮ್ನ ಇರ್ತಿದ್ರೇನ್ರಿ ಸರ್?"

ಅವರು ಜೋರಾಗಿ ನಕ್ಕು ಅಸದನನ್ನು ಕೂಗಿದರು. "ಬಾರೋ ತಮ್ಮಾ, ಮಿರ್ಚಿ ತಿನ್ನು. ಆ ಮದ್ಲನೇ ಬೇಸಿನ ಆಟ ನಮ್ಮ ಹುಡುಗರಿಗೂ ಒಂಚೂರು ತೋರ್ಸು."

ಅಸದ ಬಾಯಲ್ಲಿ ಬಿಸಿ ಮಿರ್ಚಿಭಜಿ ಇಟ್ಟುಕೊಂಡೇ ಕಾಲೆತ್ತಿ ತೋರಿಸತೊಡಗಿದ. ಗೆದ್ದವರೂ ಸೋತವರೂ ಸುತ್ತ ನಿಂತು ನೋಡಿದರು. ಮೃಣಾಲಿನಿ ಪ್ಯಾಡ್ ಬಿಚ್ಚಿ, ಕಾಲು ಚಾಚಿ ಕುಳಿತು, ಇನ್ನೊಂದು ಮಿರ್ಚಿಗೆ ಕೈ ಹಾಕಿದಳು.